ಅಮೃತಶಿಲೆಯ ಕಣ್ಣು



ಇಂಗ್ಲಿಷಿನಲ್ಲಿ ‘ಬಸ್ಟ್’ ಎಂದು ಕರೆಯುವ, ಎದೆಮಟ್ಟದ ಅಮೃತಶಿಲೆಯ ಪ್ರತಿಮೆಗಳನ್ನು ನಾವೆಲ್ಲರೂ ಪುಸ್ತಕಗಳ ಚಿತ್ರಗಳಲ್ಲಾದರೂ ನೋಡಿದ್ದೇವೆ. ಬಿಳಿಯ ಹಣೆ, ಬಿಳಿಯ ತುಟಿ, ಪಾಪೆಯಿಲ್ಲದ ಬಿಳಿಯ ಕಣ್ಣು. ಗ್ರೀಕರ ಗಾಂಭೀರ್ಯವೆಂದರೆ ಇದೇ ಎಂದು ನಂಬಿ, ತರಗತಿಯಲ್ಲಿ ನಾವೂ ಹಾಗೆಯೇ ಹೇಳಿಕೊಂಡು ಬಂದೆವು. ಆ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಗ್ರೀಕರು ತಮ್ಮ ಗಣ್ಯರ ಪೂರ್ಣವಿಗ್ರಹಗಳನ್ನೇ ಹೆಚ್ಚಾಗಿ ಮಾಡಿಸುತ್ತಿದ್ದರು. ಎದೆಯವರೆಗೆ ಮಾತ್ರ ಕಡೆಯುವ ಪದ್ಧತಿಯನ್ನು ಬೆಳೆಸಿದವರು ರೋಮನರು. ಅಲ್ಲಿನ ಕುಲೀನರ ಮನೆಗಳಲ್ಲಿ ಪೂರ್ವಿಕರ ಮೇಣದ ಮುಖಗಳಿರುತ್ತಿದ್ದುವು; ಮನೆಯಲ್ಲಿ ಸಾವಾದಾಗ ಅವುಗಳನ್ನು ಧರಿಸಿ ಶವಯಾತ್ರೆಯಲ್ಲಿ ನಡೆಯುತ್ತಿದ್ದರು. ಸುಕ್ಕನ್ನೂ ಬೋಳುತಲೆಯನ್ನೂ ಮರೆಮಾಚದ ಆ ಪ್ರತಿಮೆಗಳು ಇಂತಹ ಕುಲಸ್ಮರಣೆಗೆ ಸೇರಿದುವು.

ಅವು ಶಿಲ್ಪಿಯ ಕೈಬಿಟ್ಟು ಹೊರಟಾಗ ಬರಿಯ ಬಿಳುಪಾಗಿರಲಿಲ್ಲ. ಕೂದಲಿಗೂ ತುಟಿಗೂ ಬಣ್ಣವಿತ್ತು. ಪಾಪೆಯನ್ನು ಬಣ್ಣದಿಂದಲೇ ಬರೆಯುತ್ತಿದ್ದರು. ಕ್ರಿ.ಶ. 2ನೆಯ ಶತಮಾನದಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಕಾಲದಿಂದೀಚೆಗೆ, ಅದನ್ನು ಉಳಿಯಿಂದ ಕೊರೆಯುವ ರೂಢಿಯೂ ಹರಡಿತು. ಮಳೆ ಮಣ್ಣುಗಳು ಬಣ್ಣವನ್ನು ಅಳಿಸಿದುವು. 1764ರಲ್ಲಿ ಪ್ರಾಚೀನ ಕಲೆಯ ಚರಿತ್ರೆಯನ್ನು ಪ್ರಕಟಿಸಿದ ವಿಂಕೆಲ್ಮನ್ ಪಂಡಿತನು ಬಿಳುಪಿನಿಂದ ರೂಪದ ಚೆಲುವು ಹೆಚ್ಚುವುದೆಂದನು. ಕನೋವ ಮೊದಲಾದವರು ಬರಿಗಣ್ಣಿನ ಮುಖಗಳನ್ನು ಕಡೆದರು. ಕಾಲವು ಮಾಡಿದ ಹಾನಿಯೇ ಶಾಸ್ತ್ರವಾಯಿತು. ಈ ಮೋಹ ನಿರಪಾಯವಾಗಿರಲಿಲ್ಲ: 1937–38ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪಾರ್ಥೆನಾನ್ ದೇಗುಲದ ಕೆಲವು ಶಿಲ್ಪಗಳನ್ನು ಬೆಳ್ಳಗೆ ಮಾಡುವುದಕ್ಕಾಗಿ ತಾಮ್ರದ ಸಲಕರಣೆಗಳಿಂದ ಕೆರೆದರು. ಕೆರೆದುಹೋದ ಮೇಲ್ಮೈ ಮತ್ತೆ ಬಾರದು.

ಫ್ರಾನ್ಸಿನ ಹೂಡಾನ್ ಎಂಬ ಶಿಲ್ಪಿ ಬೇರೆ ದಾರಿ ಹಿಡಿದನು. ಅವನೂ 1764ರಿಂದ 1768ರವರೆಗೆ ರೋಮಿನಲ್ಲಿ ಪ್ರಾಚೀನರನ್ನು ಅಭ್ಯಾಸಮಾಡಿದವನೇ. 1778ರಲ್ಲಿ 83 ವರ್ಷದ ವಾಲ್ಟೇರ್ ಪ್ಯಾರಿಸಿಗೆ ಬಂದಾಗ ಅವನನ್ನು ಎದುರಿಗೆ ಕೂರಿಸಿಕೊಂಡು ಮುಖವನ್ನು ರೂಪಿಸಿದನು. ಕೆಲವು ಪ್ರತಿಮೆಗಳಲ್ಲಿ ವಾಲ್ಟೇರನಿಗೆ ರೋಮನರ ಹಾಗೆ ಬರಿದಲೆ. ಕೆಲವದರಲ್ಲಿ ಅವರಂತೆ ಹೊದಿಕೆ. ಕಣ್ಣು ಮಾತ್ರ ಬರಿದಲ್ಲ. ಹೂಡಾನ್ ಪಾಪೆಯನ್ನು ಆಳವಾಗಿ ಕೊರೆದು, ಅದರಲ್ಲಿ ಕಲ್ಲಿನ ಸಣ್ಣದೊಂದು ಚೂರನ್ನು ಉಳಿಸುತ್ತಿದ್ದನು. ಕುಳಿಯಲ್ಲಿ ನೆರಳು ನಿಲ್ಲುವುದು, ಚೂರಿನ ಮೇಲೆ ಬೆಳಕು ಮಿನುಗುವುದು, ನೋಟ ಹುಟ್ಟುವುದು. ಆ ವರ್ಷದ ಮೇ 30ರಂದು ವಾಲ್ಟೇರ್ ತೀರಿಕೊಂಡನು. ಅವನ ಕುಹಕದ ನಗೆ ಇನ್ನೂ ಕಲ್ಲಿನಲ್ಲಿದೆ.

ಹಿರಿಯರನ್ನು ಅನುಸರಿಸುವವರು ಹಿರಿಯರು ಮಾಡಿದುದನ್ನು ಅನುಸರಿಸಬೇಕಲ್ಲದೆ, ಅವರ ಕೃತಿಗೆ ಒದಗಿದ ಕೇಡನ್ನಲ್ಲ. ತರಗತಿಯಲ್ಲಿ ನಾವು ಹೇಳಿದ ಪಾಠವನ್ನು ಈಗ ತಿದ್ದಿಕೊಂಡಿದ್ದೇವೆ.