ತೊಟ್ಟಿಯಲ್ಲಿ ಮೀನು ಯಾಕಿಲ್ಲ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳು ಅಂತ ನನ್ನನ್ನು ಕರೆದದ್ದು. ಆದರೆ ಬೆಳಿಗ್ಗೆಯಿಂದ ಸಿಕ್ಕವರೆಲ್ಲ ಕೇಳಿದ್ದು ಬೇರೆಯೇ ಪ್ರಶ್ನೆ. ವಿಜ್ಞಾನದ ಕೊಠಡಿಯಲ್ಲಿ ನಮ್ಮ ಬ್ಯಾಚಿನವರು ಇಡಿಸಿದ ಗಾಜಿನ ತೊಟ್ಟಿಯಲ್ಲಿ ನೀರಿದೆ, ಕಲ್ಲಿದೆ, ದೀಪ ಉರಿಯುತ್ತಿದೆ, ಮೀನು ಮಾತ್ರ ಇಲ್ಲ. ಯಾಕಪ್ಪಾ? ಸಮಾರಂಭದ ಹೊತ್ತಿಗೆ ಎರಡಾದರೂ ಬಣ್ಣದ ಮೀನು ಬಿಟ್ಟಿದ್ದರೆ ಫೋಟೋಗೆ ಚೆನ್ನಾಗಿರುತ್ತಿತ್ತು ಅಂತ ಸಮಿತಿಯವರಿಗೂ ಆಸೆಯಿತ್ತು. ಬೇಡ ಎಂದವನು ನಾನೇ. ಹಾಗಾಗಿ ಸಾಫ್ಟ್‌ವೇರ್ ಇರಲಿ, ಈ ಪ್ರಶ್ನೆಗೇ ಉತ್ತರ ಹೇಳಿಬಿಡುತ್ತೇನೆ.

ಮೊದಲು ನೀರಿನ ವಿಷಯ. ಅದು ಕಡಲಿನಿಂದ ತಂದದ್ದಲ್ಲ. ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಹಿಡಿದ 20 ಲೀಟರಿನ ಒಂಬತ್ತು ಕ್ಯಾನು ನೀರು. ಕೊಳವೆಬಾವಿಯ ಗಡಸು ನೀರನ್ನು ನೇರವಾಗಿ ಹಾಕುವಂತಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಆರು ಕೆಜಿಗೂ ಮೇಲೆ ಉಪ್ಪು ಬೆರೆಸಿದ್ದೇವೆ. ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಕಡಲಲ್ಲಿರುವ ಪ್ರಮಾಣದಲ್ಲೇ ಸೇರಿರುವ ಮಿಶ್ರಣ. ಕಲ್ಲುಗಳು ಸಿರಾಮಿಕ್. ಹವಳದ ಕಲ್ಲು ಯಾಕೆ ತರಲಿಲ್ಲ ಅಂತ ಒಬ್ಬ ಹುಡುಗ ಕೇಳಿದ. ಕಡಲಿನಿಂದ ಹವಳ ಕೀಳುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಮರೀ.

ಈ ನೀರು ನೋಡಲು ತಿಳಿಯಾಗಿದೆ. ಉಪ್ಪು ಸರಿಯಿದೆ, ಬಿಸಿ 26 ಡಿಗ್ರಿ ಇದೆ. ಆದರೂ ಇದರಲ್ಲಿ ಮೀನು ಬಿಟ್ಟರೆ ಕೆಲವೇ ದಿನಗಳಲ್ಲಿ ಸಾಯಬಹುದು. ಅದನ್ನು ಕೊಲ್ಲುವುದು ಅದರದೇ ಮೈಯಿಂದ ಬರುವ ಅಮೋನಿಯಾ. ಮೀನು ತಿಂದದ್ದರಲ್ಲಿನ ಸಾರಜನಕದ ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿ ಹೊರಬೀಳುತ್ತದೆ. ಬೆಳಗಿನ ಜಾವ ಬಾಗಿಲು ಮುಚ್ಚಿದ ಕೊಟ್ಟಿಗೆಗೆ ಹೋದರೆ ಕಣ್ಣಿಗೆ ಚುರ್ರೆನ್ನುವ ವಾಸನೆ ಬರುತ್ತದಲ್ಲ, ಅದೇ. ಕಡಲಿನಲ್ಲಿ ಅದು ಕರಗಿ ಎಲ್ಲೋ ಹೋಗಿಬಿಡುತ್ತದೆ. 180 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಸಾಲದ್ದಕ್ಕೆ ಉಪ್ಪುನೀರು ಕ್ಷಾರೀಯ, ಪಿಎಚ್ 8.2ರ ಆಸುಪಾಸು. ಪಿಎಚ್ 7 ಇರುವ ಸಿಹಿನೀರಿಗಿಂತ ಇಲ್ಲಿ ಅಮೋನಿಯಾದ ವಿಷರೂಪದ ಪಾಲು ಹತ್ತು ಪಟ್ಟಿಗಿಂತಲೂ ಹೆಚ್ಚು.

ಇದಕ್ಕೆ ಪರಿಹಾರ ಕೊಡುವುದು ಬ್ಯಾಕ್ಟೀರಿಯಾಗಳೇ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟೇನೂ ಕೆಡುಕಲ್ಲ. ಆಗಾಗ ಒಂದಷ್ಟು ನೀರು ಬದಲಾಯಿಸಿದರೆ ಹದ್ದುಬಸ್ತಿನಲ್ಲಿರುತ್ತದೆ. ರೈತರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ, ಕಳಿತ ಗೊಬ್ಬರ ಹಾಕಿದರೆ ಪೈರು ಏಳುತ್ತದೆ. ಆ ವ್ಯತ್ಯಾಸದಲ್ಲಿ ಇವುಗಳ ಪಾಲೂ ಇದೆ. ಹಿಂದಿನ ಕಾಲದಲ್ಲಿ ದನ ಕಟ್ಟುವ ಜಾಗದ ಮಣ್ಣು ಕೆರೆದು ಪೆಟ್ಲುಪ್ಪು ತೆಗೆಯುತ್ತಿದ್ದರು. ಅದನ್ನು ಮಣ್ಣಿನಲ್ಲಿ ಕಟ್ಟಿಟ್ಟದ್ದೂ ಇವೇ. ಫಿರಂಗಿಯ ಮದ್ದಿಗೂ ಕೊಟ್ಟಿಗೆಗೂ ಹೀಗೊಂದು ನಂಟು.

ತೊಂದರೆ ಏನೆಂದರೆ ಇವು ಬಹಳ ನಿಧಾನ. ಹಾಲು ಹೆಪ್ಪಾಗಲು ಒಂದು ರಾತ್ರಿ ಸಾಕು. ಕರುಳಿನ ಇ ಕೋಲಿಯಂಥ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಇವುಗಳಿಗೆ ಅದಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು.

1877ರಲ್ಲಿ ಫ್ರಾನ್ಸಿನಲ್ಲಿ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಇಬ್ಬರು ಮರಳು ಮತ್ತು ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯ ಮೂಲಕ ಚರಂಡಿ ನೀರನ್ನು ಮೆಲ್ಲಗೆ ಇಳಿಸಿದರು. ಸುಮಾರು 20 ದಿನ ಏನೂ ಆಗಲಿಲ್ಲ. ಮೇಲೆ ಹಾಕಿದ ಅಮೋನಿಯಾ ಕೆಳಗೆ ಹಾಗೇ ಬರುತ್ತಿತ್ತು. ಆಮೇಲೆ ಅಮೋನಿಯಾ ಹೋಗಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರಂ ಆವಿ ಹಾಯಿಸಿದಾಗ ಆ ಬದಲಾವಣೆ ನಿಂತುಹೋಯಿತು. ಹಾಗಾದರೆ ಇದು ಬರೀ ರಸಾಯನವಲ್ಲ, ಜೀವಿಗಳ ಕೆಲಸ ಎಂದು ಅವರು ತೀರ್ಮಾನಿಸಿದರು. ಹನ್ನೆರಡು ದಿನಕ್ಕೇ ಬೇಸತ್ತು ಕೊಳವೆಯನ್ನು ಕಿತ್ತು ಹಾಕಿದ್ದರೆ? ನನಗೆ ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಆ ಸುಮ್ಮನಿದ್ದ 20 ದಿನಗಳು. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಎಂಬ ರಷ್ಯಾದ ವಿಜ್ಞಾನಿ ಈ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದರು.

ನಮ್ಮ ತೊಟ್ಟಿಯಲ್ಲಿ ನಡೆಯುತ್ತಿರುವುದೂ ಇದೇ. ಬೆಂಗಳೂರಿನ ನನ್ನ ಮನೆಯ ತೊಟ್ಟಿಯಿಂದ ಒಂದು ಹಿಡಿ ಒದ್ದೆ ಮರಳು ತಂದು ಹೆಪ್ಪು ಹಾಕಿದೆ. ಮೀನಿಲ್ಲದೆ ಅಮೋನಿಯಾ ಎಲ್ಲಿಂದ ಬರಬೇಕು? ಅದಕ್ಕೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಲಾಯಿ ಹಾಕುವವರು ಪಾತ್ರೆಗೆ ಉಜ್ಜುತ್ತಿದ್ದದ್ದನ್ನು ಹಿರಿಯರು ನೋಡಿರುತ್ತೀರಿ. ನಾವು ಬಳಸಿದ್ದು ಪ್ರಯೋಗಾಲಯದ ಶುದ್ಧ ಪುಡಿ, ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು. ಅಷ್ಟಕ್ಕೇ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಹಿಂದೆಲ್ಲ ಈ ಕೆಲಸಕ್ಕೆ ಡ್ಯಾಮ್ಸೆಲ್ ಎಂಬ ಗಟ್ಟಿ ಜಾತಿಯ ಮೀನು ಬಿಡುತ್ತಿದ್ದರು. ಬದುಕಿದರೆ ಬದುಕಿತು, ಸತ್ತರೆ ಸತ್ತಿತು. ಒಂದು ಗ್ರಾಂ ಪುಡಿ ಮಾಡುವ ಕೆಲಸಕ್ಕೆ ಒಂದು ಜೀವವನ್ನು ಒಡ್ಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಒಂಬತ್ತನೇ ತರಗತಿಯ ಮಕ್ಕಳು ಅಂದಿನಿಂದ ದಿನವೂ ನೀರಿನ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದಿದ್ದಾರೆ. ಹತ್ತು ದಿನ ಒಂದೇ ಅಂಕಿ: 2, 2, 2. ಒಬ್ಬಳು ಪಕ್ಕದಲ್ಲಿ "ಬೇಜಾರು" ಅಂತಲೂ ಬರೆದಿದ್ದಾಳೆ. ಅದನ್ನು ಅಳಿಸಬೇಡ ಅಂದೆ. ಹನ್ನೊಂದನೇ ದಿನ ನೈಟ್ರೈಟ್ ಪರೀಕ್ಷೆಯ ನೀಲಿ ಬಣ್ಣ ನೇರಳೆಗೆ ತಿರುಗಿತು. ಹತ್ತೊಂಬತ್ತನೇ ದಿನದ ಹೊತ್ತಿಗೆ ಹಾಕಿದ ಅಮೋನಿಯಾ ಮಾರನೆಯ ದಿನಕ್ಕೆ ಖಾಲಿಯಾಗತೊಡಗಿತು. ಕಲ್ಲಿನ ಮೇಲೆ ಕಂದು ಪಾಚಿ ಹಿಡಿದಿದೆ. ಕೊಳೆ ಅಂತ ಯಾರೂ ತೊಳೆಯಬೇಡಿ, ಹೊಸ ತೊಟ್ಟಿಗೆ ಅದು ಸಹಜ. ಇವತ್ತಿಗೆ 26 ದಿನ. ನೈಟ್ರೈಟ್ ಇನ್ನೂ ಉಳಿದಿದೆ. ಕಡಲ ನೀರಿನ ಕ್ಲೋರೈಡಿನಿಂದಾಗಿ ನೈಟ್ರೈಟ್ ಇಲ್ಲಿ ಸಿಹಿನೀರಿನಷ್ಟು ವಿಷವಲ್ಲ, ನಿಜ. ಆದರೆ ಅದು ಉಳಿದಿದೆ ಎಂದರೆ ಎರಡನೇ ಗುಂಪು ಇನ್ನೂ ಸಾಕಷ್ಟು ಬೆಳೆದಿಲ್ಲ ಎಂದರ್ಥ. ಮತ್ತೆ 2 ಮಿಲಿಗ್ರಾಂ ಲೆಕ್ಕದಲ್ಲಿ ಅಮೋನಿಯಾ ಹಾಕಿ, 24 ಗಂಟೆಯೊಳಗೆ ಎರಡೂ ಸೊನ್ನೆಗೆ ಇಳಿದ ದಿನ ತೊಟ್ಟಿ ಸಿದ್ಧ. ಇನ್ನೊಂದು ವಾರವೋ ಎರಡು ವಾರವೋ, ದಿನಾಂಕ ನಾನು ಹೇಳುವುದಿಲ್ಲ. ಪುಸ್ತಕ ಹೇಳುತ್ತದೆ.

ಆಮೇಲೂ ಒಟ್ಟಿಗೆ ಹತ್ತು ಮೀನು ತರುವುದಿಲ್ಲ. ಅರ್ಧದಷ್ಟು ನೀರು ಬದಲಾಯಿಸಿ ಮೊದಲು ಎರಡು ಕ್ಲೌನ್ ಮೀನು. ಕಡಲಿನಲ್ಲಿ ಹಿಡಿದದ್ದು ಬೇಡ. ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಅಂಥ ಮರಿಗಳು ಸಿಗುತ್ತವೆ. ಈ ಮೀನುಗಳು ಮೊದಲು ಗಂಡಾಗಿಯೇ ಬೆಳೆಯುತ್ತವೆ, ಆಮೇಲೆ ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಅದರ ಪಾಠ ಜೀವಶಾಸ್ತ್ರದ ಮೇಡಂಗೆ ಬಿಟ್ಟಿದ್ದೇನೆ.

ಊರಿನವರಲ್ಲಿ ಎರಡು ಕೋರಿಕೆ. ಕರೆಂಟು ಹೋದರೆ ನೀರಿನ ಓಡಾಟ ನಿಲ್ಲುತ್ತದೆ, ಆಮ್ಲಜನಕವಿಲ್ಲದೆ ಮೀನೂ ಬ್ಯಾಕ್ಟೀರಿಯಾವೂ ಉಸಿರುಗಟ್ಟುತ್ತವೆ. ಬ್ಯಾಟರಿಯ ಗಾಳಿ ಪಂಪು ಇಟ್ಟಿದ್ದೇವೆ, ಅದನ್ನು ಬೇರೆ ಕೆಲಸಕ್ಕೆ ಒಯ್ಯಬೇಡಿ. ಇನ್ನೊಂದು, ಬೇಸಿಗೆಯಲ್ಲಿ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಹಾಗಾಗಿ ಗಾಜಿನ ಮೇಲಿನ ಗೆರೆಯವರೆಗೆ ಘಟಕದ ಸಿಹಿನೀರನ್ನೇ ತುಂಬಬೇಕು. ರಜೆಯಲ್ಲೂ ಈ ಕೆಲಸ ಬಿಡುವಂತಿಲ್ಲ. ಮೂವರು ಹೆಸರು ಕೊಟ್ಟಿದ್ದಾರೆ, ಇನ್ನಿಬ್ಬರು ಬೇಕು. ಊರಲ್ಲೇ ಇರುವ ಹಳೆಯ ವಿದ್ಯಾರ್ಥಿಗಳು ಊಟಕ್ಕೆ ಮೊದಲು ವಿಜ್ಞಾನದ ಮೇಷ್ಟ್ರ ಹತ್ತಿರ ಹೆಸರು ಬರೆಸಿ.