ಬ್ಯಾಂಜೊ ಕೊಳ್ಳುವ ಮುನ್ನ

ಬ್ಯಾಂಜೊ ಎಂದರೆ ಸೊಲ್ಲಾಪುರದ ಕಡೆಯವರಿಗೆ ಮೆರವಣಿಗೆಯ ಬುಲ್‌ಬುಲ್ ತರಂಗ ನೆನಪಾದೀತು. ನಾನು ಹೇಳುತ್ತಿರುವುದು ಅಮೆರಿಕದ ಐದು ತಂತಿಯದು; ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರು ಸೋರೆಬುರುಡೆಗೆ ಚರ್ಮ ಬಿಗಿದು ನುಡಿಸಿದ ವಾದ್ಯದ ಸಂತತಿ. ಬಾಸ್ಟನ್ನಿನ ಹಳೆಯ ವೇಗಾ ಮಾದರಿಗಳನ್ನು ಕ್ಯಾಲಿಫೋರ್ನಿಯದ ಡೀರಿಂಗ್ ಕಂಪನಿ ಮರಳಿ ತಯಾರಿಸಿದೆ. ಅಂಥದೊಂದು ಮಾರಾಟಕ್ಕೆ ಸಿಕ್ಕರೆ ಮೆರುಗಿಗೆ ಮರುಳಾಗಬೇಡಿ. ಮೊದಲು ಗಿಡ್ಡನೆಯ ಐದನೆಯ ತಂತಿ ನೋಡಿ. ಅದರ ಬಿರಟೆ ತುದಿಯಲ್ಲಿರುವುದಿಲ್ಲ, ಕೊರಳಿನ 5ನೆಯ ಮೆಟ್ಟಿಲ ಪಕ್ಕದಲ್ಲಿರುತ್ತದೆ. ತಂಬೂರಿಯಂತೆ ಒಂದೇ ಸ್ವರವನ್ನು ಹಿಡಿದಿರುವುದು ಅದೇ. ಬಿರಟೆ ಜಾರಿದರೆ ಶ್ರುತಿ ಹೋಯಿತು. 12ನೆಯ ಮೆಟ್ಟಿಲಲ್ಲಿ ಒತ್ತಿದ ಸ್ವರ ತಪ್ಪಿದರೆ ಗಾಬರಿ ಬೇಡ, ಕುದುರೆಯನ್ನು ಅಂಟಿಸಿರುವುದಿಲ್ಲ, ತುಸು ಸರಿಸಿದರಾಯಿತು. ಕೊರಳು ತಿರುಚಿದ್ದರೆ ಮಾತ್ರ ಬಿಟ್ಟುಬಿಡಿ. ಹೊದಿಕೆ ಕರುವಿನ ಚರ್ಮವೋ ಪ್ಲಾಸ್ಟಿಕ್ಕೋ ಕೇಳಿ. ಚರ್ಮದ ನಾದ ಇಂಪು, ನಿಜ. ಆದರೆ ಕಾಸರಗೋಡಿನ ಮಳೆಗಾಲದಲ್ಲಿ ಮದ್ದಳೆಯವರು ಪಡುವ ಪಾಡು ನಿಮಗೆ ಗೊತ್ತೇ ಇದೆಯಲ್ಲ.