ಜೋಡಿ ಗಿಟಾರುಗಳ ಹೊಂದಾಣಿಕೆ

ಕನ್ನಡ ಪಂಡಿತನಾದ ನನಗೆ ಗಿಟಾರಿನ ಗೊಡವೆ ಏಕೆಂದು ನೀವು ಕೇಳಬಹುದು. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಇಬ್ಬರು ಹುಡುಗರು ನನ್ನನ್ನು ಇದಕ್ಕೆ ಎಳೆದರು. ಅವರು ಅಣ್ಣತಮ್ಮಂದಿರ ಮಕ್ಕಳು. ಹೊಲದ ಬದುವಿನ ವ್ಯಾಜ್ಯದಿಂದ ಎರಡು ಮನೆಗಳಿಗೂ ಮಾತಿಲ್ಲ. ಶಾಲೆಯ ಸಮ್ಮೇಳನಕ್ಕೆ ಇಬ್ಬರೂ ಗಿಟಾರು ತಂದರು. “ಮೊದಲ ನಾ ಬಾರಸ್ತೀನ್ರಿ ಸರ” ಎಂದು ಒಬ್ಬನೆಂದರೆ, “ಇಲ್ರಿ, ನಾ” ಎಂದು ಮತ್ತೊಬ್ಬ. “ಇಬ್ಬರೂ ಕೂಡಿಯೇ ಬಾರಿಸಿರಿ” ಎಂದು ತೀರ್ಪು ಕೊಟ್ಟೆ. ಬಾರಿಸಿದರು. ಕಿವಿ ಮುಚ್ಚಿಕೊಳ್ಳುವಂತಾಯಿತು.

ತಪ್ಪು ನನ್ನದು. ಕೂಡಿಸುವ ಮೊದಲು ಶ್ರುತಿ ಮಾಡಿಸಬೇಕಿತ್ತು. ಒಂದು ತಂತಿ ಸೆಕೆಂಡಿಗೆ 110 ಸಲ, ಇನ್ನೊಂದು 112 ಸಲ ಕಂಪಿಸಿದರೆ, ಕೂಡಿದ ನಾದ ಸೆಕೆಂಡಿಗೆ 2 ಸಲ ಏರಿ ಇಳಿಯುತ್ತದೆ. ಬಿರಟೆ ತಿರುವುತ್ತ ಹೋದಂತೆ ಈ ತೂಗಾಟ ನಿಧಾನವಾಗಿ ನಿಂತರೆ ತಂತಿಗಳು ಕೂಡಿದವೆಂದೇ ಅರ್ಥ.

ಶ್ರುತಿ ಸೇರಿದ ಮೇಲೂ ಇಬ್ಬರೂ ಒಂದೇ ಧಾಟಿಯನ್ನು ಒಂದೇ ಜೋರಿನಲ್ಲಿ ಬಾರಿಸಿದರೆ ಎರಡು ವಾದ್ಯಗಳೇಕೆ? ನಮ್ಮ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುವಾಗ ಏಕತಾರಿ ಹಾಡಿನೊಡನೆ ಪೈಪೋಟಿಗಿಳಿಯದು, ಆಧಾರವಾಗಿ ನಿಲ್ಲುತ್ತದೆ. ಹಾಗೆಯೇ ಒಂದು ಗಿಟಾರು ಧಾಟಿ ನುಡಿಸಲಿ, ಇನ್ನೊಂದು ಸ, ಗ, ಪಗಳನ್ನು ಕೂಡಿಸಿ ಮೆಲ್ಲಗೆ ಮೀಟಲಿ. ಇನ್ನೊಂದು ಬಗೆಯೂ ಉಂಟು. ಒಬ್ಬ ಸ ನುಡಿದಾಗ ಇನ್ನೊಬ್ಬ ಗ, ಅವನು ರಿ ನುಡಿದಾಗ ಇವನು ಮ. ಆದರೆ ಎಲ್ಲೆಡೆಯೂ ಮನೆಗಳನ್ನು ಸಮನಾಗಿ ಎಣಿಸಬಾರದು. ಶುದ್ಧಸ್ವರಗಳ ಸಪ್ತಕದಲ್ಲಿ ಸದಿಂದ ಗಕ್ಕೆ 4 ಮನೆ, ರಿಯಿಂದ ಮಕ್ಕೆ 3 ಮನೆ. ಎಣಿಕೆ ಸ್ವರದ್ದು, ಮನೆಯದಲ್ಲ. 1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರು, ಶಿವಕುಮಾರ ಶರ್ಮಾ ಅವರ ಸಂತೂರು, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲನ್ನು ಕೇಳಿರಿ. ಒಬ್ಬರು ನುಡಿಯುವಾಗ ಮತ್ತೊಬ್ಬರು ದಾರಿ ಬಿಡುವ ಸೊಗಸು ಅಲ್ಲಿದೆ.

ನನ್ನ ಹುಡುಗರಿಗೆ ಕಷ್ಟವಾದದ್ದು ಬೆರಳಿನ ಕೆಲಸವಲ್ಲ, ದನಿ ತಗ್ಗಿಸುವುದು. ತಗ್ಗಿದವನು ಸೋತನೆಂದು ಇಬ್ಬರೂ ಭಾವಿಸಿದ್ದರು. ಕೊನೆಗೆ ಮೊದಲ ನುಡಿಗೆ ಒಬ್ಬ, ಎರಡನೆಯ ನುಡಿಗೆ ಇನ್ನೊಬ್ಬ ಮುಂದಾಗುವುದೆಂದು ಗೊತ್ತುಮಾಡಿದೆವು. ಸಮ್ಮೇಳನದ ದಿನ ಇಬ್ಬರ ತಂದೆಯರು ಚಪ್ಪರದ ಎರಡು ತುದಿಗಳಲ್ಲಿ ಕುಳಿತು ಕೇಳಿದರು, ಒಬ್ಬರನ್ನೊಬ್ಬರು ನೋಡಲಿಲ್ಲ.

ಬದುವಿನ ವ್ಯಾಜ್ಯ ಇನ್ನೂ ಮುಗಿದಿಲ್ಲ. ಆದರೆ ಈಗ ಸಂಜೆ ಹೊತ್ತು ಶ್ರುತಿ ಕೂಡಿಸಲೆಂದು ಒಬ್ಬ ಹುಡುಗ ಇನ್ನೊಬ್ಬನ ಮನೆಯ ಕಟ್ಟೆಗೆ ಹೋಗುತ್ತಾನೆ. ಅವನನ್ನು ಯಾರೂ ಎಬ್ಬಿಸಿ ಕಳಿಸಿಲ್ಲ.